ಕುಷ್ಟಣ್ಣನ ಕೊಡೆ ಓಟ

ಅಳಿವೆಕೇರಿಯಲ್ಲಿ ಯಾರೂ ಓಡುವುದಿಲ್ಲ. ಸೋಮಾರಿಗಳು ಅಂತಲ್ಲ, ದೇವರಾಣೆ. ಬೆಳಕು ಹರಿಯುವ ಮುಂಚೆ ಎದ್ದು, ಕಡಲಿಗೆ ಹೋಗಿ, ಬಲೆ ಎಳೆದು, ಮೀನು ಹೊತ್ತು, ಏಲಂನಲ್ಲಿ ಗಂಟಲು ಹರಿದುಕೊಳ್ಳುವ ಜನ ಅವರು. ಆದರೆ ಎಲ್ಲವನ್ನೂ ನಡೆದೇ ಮಾಡುತ್ತಾರೆ. ಬಸ್ಸು ತಪ್ಪಿದರೆ ತಪ್ಪಲಿ, ಮದುವೆಮನೆಯಲ್ಲಿ ಕೊನೇ ಪಂಕ್ತಿ ಎದ್ದರೆ ಏಳಲಿ. ನಾಯಿ ಅಟ್ಟಿಸಿಕೊಂಡು ಬಂದರೂ ನಿಂತು ನಾಯಿಗೆ ಬೈಯುತ್ತಾರೆಯೇ ಹೊರತು ಕಾಲಿಗೆ ಬುದ್ಧಿ ಹೇಳುವುದಿಲ್ಲ. ಯಾಕೆಂದರೆ ಕುಂದಾಪುರದ ಕೋಡಿಯಿಂದಾಚೆ, ಹೊಳೆ ಕಡಲಿಗೆ ಬೀಳುವ ಅಳಿವೆಯ ಮೂಲೆಯಲ್ಲಿರುವ ಆ ಕೇರಿಯಲ್ಲಿ, ಬೆಳೆದ ಗಂಡಸು ಜೆಟ್ಟಿಯ ಕಡೆ ಓಡಿದ ಅಂದರೆ ಅದಕ್ಕೆ ಒಂದೇ ಅರ್ಥ: ಅಳಿವೆಯಲ್ಲಿ ದೋಣಿ ಮಗುಚಿದೆ. ಓಡುವವನನ್ನು ತಡೆದು ಏನು ಎತ್ತ ಅಂತ ಯಾರೂ ಕೇಳುವುದಿಲ್ಲ. ಕೈಯಲ್ಲಿದ್ದದ್ದನ್ನು ಬಿಟ್ಟು ಅವನ ಹಿಂದೆ ಓಡುವುದು ಅಲ್ಲಿನ ರೂಢಿ.

ಇಂಥ ಊರಿನಲ್ಲಿ ನಮ್ಮ ಕುಷ್ಟಣ್ಣ ಓಟಗಾರನಾಗಲು ಹೊರಟ.

ಐವತ್ತು ದಾಟಿದ ಗಟ್ಟಿ ಆಳು. ಗಟ್ಟಿ ಅಂದರೆ ಮುಖ್ಯವಾಗಿ ಹೊಟ್ಟೆಯ ಭಾಗದಲ್ಲಿ. ಹರಿದ ಬಲೆ ಕಟ್ಟುವುದು ಅವನ ಕಸುಬು. ಅದು ಕುಳಿತು ಮಾಡುವ ಕೆಲಸ, ಮತ್ತು ಕುಷ್ಟಣ್ಣ ಅದನ್ನು ಎಷ್ಟು ಶ್ರದ್ಧೆಯಿಂದ ಕುಳಿತು ಮಾಡುತ್ತಿದ್ದ ಎಂದರೆ ಮನೆಯೆದುರಿನ ತೆಂಗಿನ ಬುಡದ ಹೊಯ್ಗೆಯಲ್ಲಿ ಅವನು ಕೂರುವ ಗುಂಡಿ ಮಳೆಗಾಲಕ್ಕೂ ಮುಚ್ಚುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ರತ್ನ, ಮತ್ತೆ ತಾಯಿ ಪದ್ದಕ್ಕ. ಪದ್ದಕ್ಕನಿಗೆ ವಯಸ್ಸಾಗಿ ನಿನ್ನೆ ಯಾವುದು ಇವತ್ತು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಕಡಲಿನ ಕಡೆ ಮುಖ ಮಾಡಿ ಜಗಲಿಯಲ್ಲಿ ಕೂತಿರುತ್ತಿದ್ದಳು, ಅಷ್ಟೇ.

ಶುರುವಾದದ್ದು ಸಾಲಿಗ್ರಾಮದ ಕೃಷ್ಣಯ್ಯ ಮಾಸ್ಟ್ರಿಂದ. ಮಾಸ್ಟ್ರು ಹೈಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದವರು. ಕುತ್ತಿಗೆಯಲ್ಲಿನ ಸೀಟಿ ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ. ಅಳಿವೆಯ ಬಾಯಲ್ಲಿ ಸದಾ ತಯಾರಾಗಿರುವ ಒಂದು ರಕ್ಷಣಾ ದೋಣಿ ಕೊಳ್ಳಲು ಅವರ ಸಂಘದವರು ಧರ್ಮಾರ್ಥ ಓಟ ಇಟ್ಟುಕೊಂಡಿದ್ದರು. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಿಂದ ಹೊರಟು ಅಳಿವೆಕೇರಿಯ ಜೆಟ್ಟಿಯಲ್ಲಿ ಮುಗಿಯುವ ಓಟ. ಬ್ರಹ್ಮಾವರದಿಂದ, ಬೈಂದೂರಿನಿಂದ ಎಲ್ಲ ಜನ ಬರುವವರಿದ್ದರು. ಮಾಸ್ಟ್ರು ಕೇರಿಗೆ ಬಂದು, ಕಡಲು ಕಾಯುವ ದೈವ ಬೊಬ್ಬರ್ಯನ ಕಟ್ಟೆಯೆದುರು ನಿಂತು, ಸೇರಿದ ಜನರನ್ನು ಕೇಳಿದರು: "ಈ ಕೇರಿಯಿಂದ ಓಡೂಕೆ ಯಾರೂ ಇಲ್ಯಾ?"

ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಕೈಯಲ್ಲಿ ಬಲೆ ಕಟ್ಟುವ ಸೂಜಿ ಇತ್ತು.

"ಕುಷ್ಟಣ್ಣ, ಮಾಸ್ಟ್ರ್ ಕೇಂಡದ್ದ್ ಓಡೂಕೆ, ಉಂಬುಕಲ್ಲ," ಎಂದಳು ಪಂಕಜಾಕ್ಷಿ. ಆಚೆಮನೆಯವಳು, ಮೀನು ಮಾರುವವಳು. ಪಿಸುಗುಟ್ಟಿದರೂ ಹೊಳೆಯಾಚೆಯ ಗಂಗೊಳ್ಳಿಗೆ ಕೇಳುವ ಗಂಟಲು ಅವಳದು. ಎಲ್ಲರೂ ನಕ್ಕರು. ಮಾಸ್ಟ್ರು ನಗಲಿಲ್ಲ.

"ನಗೂದ್ ಎಂತಕೆ? ಓಟ ಅಂದ್ರೆ ಬೇರೆಯವ್ರನ್ನ ಸೋಲ್ಸೂದಲ್ಲ. ನಿನ್ನ ಹಿಂದಿನ ದಾಖಲೆಯನ್ನ ನೀನೇ ಮುರಿಯೂದ್. ಕುಷ್ಟಾ, ನಿನ್ನ ಹಿಂದಿನ ದಾಖಲೆ ಎಂತ?"

ಕುಷ್ಟಣ್ಣ ಸೂಜಿ ಕೆಳಗಿಳಿಸಿದ. ನಗುತ್ತಿದ್ದವರೂ ಬಾಯಿ ಮುಚ್ಚಿದರು. ಯಾಕೆಂದರೆ ಕುಷ್ಟಣ್ಣ ಜನ್ಮದಲ್ಲಿ ಓಡಿದ್ದು ಒಂದೇ ಸಲ ಎಂಬುದು ಕೇರಿಗೆಲ್ಲ ಗೊತ್ತಿತ್ತು.

ಅದು ಎರಡು ವರ್ಷದ ಹಿಂದಿನ ಮಳೆಗಾಲ. ಅವನ ತಮ್ಮ ಐತ ಇನ್ನಿಬ್ಬರ ಜೊತೆ ನಾಡದೋಣಿಯಲ್ಲಿ ಹೋಗಿದ್ದ. ತೆಂಗಿನ ಬುಡದಲ್ಲಿ ಪ್ಲಾಸ್ಟಿಕ್ ಹೊದಿಕೆಯಡಿ ಬಲೆ ಕಟ್ಟುತ್ತಿದ್ದ ಕುಷ್ಟಣ್ಣ ತಲೆಯೆತ್ತಿದಾಗ ಅಳಿವೆಯಲ್ಲಿ ದೋಣಿ ಬೋರಲಾಗಿತ್ತು. ಜೆಟ್ಟಿಯಲ್ಲಿ ಮೋಟಾರು ದೋಣಿಗಳಿದ್ದವು. ಅವನು ಓಡಿದ. ಜೆಟ್ಟಿ ಮುಟ್ಟಿದ, ಕೂಗಿದ, ದೋಣಿಗಳು ಹೋದವು. ಇಬ್ಬರನ್ನು ಎತ್ತಿ ತಂದರು. ಐತ ಸಿಗಲಿಲ್ಲ, ಆ ದಿನವೂ ಇಲ್ಲ, ಆಮೇಲೂ ಇಲ್ಲ.

ಇಷ್ಟು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ. ಮನೆಗೂ ಜೆಟ್ಟಿಗೂ ನಡುವೆ, ಬೊಬ್ಬರ್ಯನ ಕಟ್ಟೆಯ ಹತ್ತಿರ, ಕುಷ್ಟಣ್ಣನ ಉಸಿರು ಸಿಕ್ಕಿಕೊಂಡಿತು, ಮೊಣಕಾಲು ಬಿದ್ದುಹೋಯಿತು, ಅವನು ಕಟ್ಟೆಯ ಮೇಲೆ ಕೂತುಬಿಟ್ಟ. ಎಷ್ಟು ಹೊತ್ತು ಕೂತಿದ್ದ ಎಂದು ಅವನಿಗೇ ತಿಳಿಯದು. ಜಡಿಮಳೆ, ದಾರಿಯಲ್ಲಿ ನರಪಿಳ್ಳೆ ಇರಲಿಲ್ಲ. ಆಮೇಲೆ ಎದ್ದು ಓಡಿದ. ಇದನ್ನು ಅವನು ಯಾರಿಗೂ ಹೇಳಲಿಲ್ಲ, ರತ್ನ ಒಬ್ಬಳಿಗೆ ಬಿಟ್ಟು. ಅವಳಿಗೂ ಅವನಾಗಿ ಹೇಳಿದ್ದಲ್ಲ, ನಿದ್ದೆಯಲ್ಲಿ ಹೇಳಿದ್ದು.

ಹೀಗಾಗಿ ಹಿಂದಿನ ದಾಖಲೆ ಎಂತ ಎಂದು ಮಾಸ್ಟ್ರು ಕೇಳಿದ್ದು ಸರಿಯಾದ ಕಡೆಗೇ ಹೋಗಿ ನಾಟಿತು. "ಇತ್ತ್ ಮಾಸ್ಟ್ರೆ, ಒಂದ್. ಅದನ್ನ ಮುರೀಕ್," ಎಂದ ಕುಷ್ಟಣ್ಣ. ಮನೆಯಿಂದ ಜೆಟ್ಟಿಯವರೆಗೆ, ನಡುವೆ ಎಲ್ಲೂ ಕೂರದೆ. ಲೋಕದ ಓಟಗಾರರೆಲ್ಲ ಸೆಕೆಂಡಿನ ಲೆಕ್ಕ ಹಾಕುತ್ತಾರಂತೆ. ನಮ್ಮವನ ಲೆಕ್ಕದಲ್ಲಿ ಇದ್ದದ್ದು ಒಂದು ಕಟ್ಟೆ ಮಾತ್ರ.

ಮಾಸ್ಟ್ರು ಅವನಿಗೆ ಎರಡು ಸೂತ್ರ ಕೊಟ್ಟರು. ಒಂದು, ಮೂಗಿನಲ್ಲಿ ಉಸಿರಾಡಬೇಕು. ಎರಡು, ಏನೇ ಆದರೂ ಹಿಂದೆ ತಿರುಗಿ ನೋಡಬಾರದು. ಎರಡನೆಯ ಸೂತ್ರದಿಂದ ಆದ ಅನಾಹುತಕ್ಕೆ ಮಾಸ್ಟ್ರು ಇವತ್ತಿಗೂ ಜವಾಬ್ದಾರಿ ಹೊತ್ತುಕೊಂಡಿಲ್ಲ.

ಮರುದಿನ ಬೆಳಿಗ್ಗೆ ಕುಷ್ಟಣ್ಣ ಲುಂಗಿ ಎತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿ, ಶನಿವಾರದ ಸಂತೆಯಲ್ಲಿ ಕೊಂಡ ಬಿಳಿ ಕ್ಯಾನ್‌ವಾಸ್ ಶೂ ಹಾಕಿ ಮನೆಯಿಂದ ಹೊರಬಿದ್ದ. ಪಂಕಜಾಕ್ಷಿ ಬುಟ್ಟಿ ಹೊತ್ತು ಹೊರಟಿದ್ದಳು. ಕುಷ್ಟಣ್ಣ ಅವಳ ಪಕ್ಕದಲ್ಲೇ ಜೆಟ್ಟಿಯ ಕಡೆ ಓಡಿದ. ಬುಟ್ಟಿ ಕೆಳಗೆ ಬಿತ್ತು.

"ಅಯ್ಯಯ್ಯೋ! ಹ್ವಾಯ್, ಬನಿ! ಎಲ್ಲರೂ ಬನಿ! ಕುಷ್ಟಣ್ಣ ಓಡ್ತಿದ್ದ!"

ಅಷ್ಟು ಸಾಕಾಯಿತು. ಹಲ್ಲುಜ್ಜುತ್ತಿದ್ದವರು ಬಾಯಲ್ಲಿ ನೊರೆ ಸಮೇತ ಬಂದರು. ಒಲೆಯ ಮುಂದಿದ್ದವರು ಸಟ್ಟುಗ ಹಿಡಿದು ಬಂದರು. ಗಂಡಂದಿರು ಕಡಲಿಗೆ ಹೋಗಿದ್ದ ಹೆಂಗಸರು ಎದೆ ಹೊಡೆದುಕೊಂಡು ಬಂದರು. ಹಿಂದಿನಿಂದ ಏಳುತ್ತಿದ್ದ ಬೊಬ್ಬೆ ಕುಷ್ಟಣ್ಣನಿಗೂ ಕೇಳಿಸಿತು. ಆದರೆ ಸೂತ್ರ ಸೂತ್ರವೇ, ಅವನು ತಿರುಗಲಿಲ್ಲ. ಕೇರಿಯವರೂ ಅಭ್ಯಾಸಕ್ಕೆ ಬಂದರು, ತನ್ನನ್ನು ಹಿಂದಿಕ್ಕಲು ನೋಡುತ್ತಿದ್ದಾರೆ ಎಂದುಕೊಂಡು ಇನ್ನಷ್ಟು ಬಿರುಸು ಮಾಡಿದ. ಆದರೂ ಕಟ್ಟೆ ಬಂದ ಕೂಡಲೆ ಮೊಣಕಾಲು ಬಿದ್ದೇಹೋಯಿತು. ಅವನು ಅಲ್ಲಿ ಕೂತ, ಕೇರಿಗೆ ಕೇರಿಯೇ ಅವನನ್ನು ದಾಟಿ ಜೆಟ್ಟಿಗೆ ಓಡಿತು. ಕೊನೆಗೆ ನಡೆದುಕೊಂಡು ಜೆಟ್ಟಿಯ ತುದಿ ಮುಟ್ಟಿ, ಬೆವರು ಕೊಡವಲು ಬೈರಾಸು ಬಿಚ್ಚಿ ತಲೆಯ ಮೇಲೆ ಎರಡು ಸುತ್ತು ಬೀಸಿದ.

ಈಗ ಇದೊಂದು ಹೇಳಬೇಕು. ಆ ಕೇರಿಯಲ್ಲಿ ಜೆಟ್ಟಿಯ ತುದಿಯಲ್ಲಿ ನಿಂತು ಬೈರಾಸು ಬೀಸಿದರೆ ಕಡಲಲ್ಲಿದ್ದ ದೋಣಿಗಳೆಲ್ಲ ತಿರುಗಿ ಬರಬೇಕು. ಮೊಬೈಲು ಬಂದರೂ ಆ ರೂಢಿ ಹೋಗಿಲ್ಲ.

ಬಂದವು. ಮುಂದಿನ ದೋಣಿ ನಡೆಸುತ್ತಿದ್ದ ತಂಡೇಲ ಪ್ರೇಮಾನಂದ ಜೆಟ್ಟಿಗೆ ಹಾರಿದವನೇ ಕುಷ್ಟಣ್ಣನ ಭುಜ ಹಿಡಿದು ಅಲುಗಿಸಿದ.

"ಯಾರ್ ದೋಣಿ? ಎಲ್ಲಿ ಮಗುಚದ್ದ್?"

"ಎಂತ ದೋಣಿ?" ಎಂದ ಕುಷ್ಟಣ್ಣ, ಮಾಸ್ಟ್ರು ಹೇಳಿದಂತೆ ಮೂಗಿನಲ್ಲಿ ಉಸಿರಾಡುತ್ತಾ.

"ಮತ್ತೆ ಓಡದ್ದ್ ಎಂತಕೆ?"

"ಅಭ್ಯಾಸಕ್ಕೆ."

ಪ್ರೇಮಾನಂದನ ಬಾಯಿಂದ ಹೊರಟದ್ದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಬರೆಯಬಹುದಾದದ್ದು ಇಷ್ಟು: "ಬಂಗುಡಿ ಬಲಿಯೊಳ್ಗೆ ಇತ್ತ್ ಮಾರಾಯಾ! ಬಲಿ ಬಿಟ್ಟ್ಕಂಡ್ ಬಂದದ್ದ್ ನಾವ್! ಅಭ್ಯಾಸ ಅಂಬ್ರ್, ಅಭ್ಯಾಸ!"

ಅಷ್ಟಕ್ಕೇ ಮುಗಿಯಲಿಲ್ಲ. ಯಾರೋ ಬೈಂದೂರಿಗೆ ಫೋನು ಮಾಡಿಬಿಟ್ಟಿದ್ದರು. ಹನ್ನೊಂದರ ಬಸ್ಸಿಗೆ ಅಲ್ಲಿಂದ ಕುಷ್ಟಣ್ಣನ ದೊಡ್ಡಮ್ಮನ ಮಗ ಬಿಳಿ ಪಂಚೆಯುಟ್ಟು, ಮುಖ ಸಣ್ಣ ಮಾಡಿಕೊಂಡು ಇಳಿದ. ಯಾರೂ ಸತ್ತಿಲ್ಲ ಎಂದು ತಿಳಿದ ಮೇಲೆ ಸ್ವಲ್ಪ ಹೊತ್ತು ಏನು ಮಾಡುವುದೆಂದು ತೋಚದೆ ನಿಂತು, "ಹಾಂಗಾರೆ ಉಂಡ್ಕಂಡೇ ಹೋತೆ," ಎಂದ. ಬ್ರಹ್ಮಾವರದ ಚಿಕ್ಕಮ್ಮ ಆಟೋ ಮಾಡಿಸಿಕೊಂಡು ದಾರಿಯುದ್ದಕ್ಕೂ ಅತ್ತು ಬಂದಿದ್ದಳು. ಅತ್ತದ್ದು ದಂಡವಾಗುವುದು ಬೇಡ ಎಂದು ಐತನನ್ನು ನೆನೆದು ಅದನ್ನು ಪೂರ್ತಿ ಮಾಡಿದಳು. ಮಧ್ಯಾಹ್ನದ ಮೇಲೆ ಕಾನ್‌ಸ್ಟೆಬಲ್ ರತನ್ ಬೈಕಿನಲ್ಲಿ ಬಂದ.

"ಓಡೂಕೆ ಕಾರಣ ಎಂತ?"

"ಓಟ ಇತ್ತಲ್ದಾ, ಅದ್ಕೆ ಓಡದ್ದ್."

"ಅದ್ ಕಾರಣ ಅಲ್ಲ. ಸರಿಯಾದ್ ಕಾರಣ ಹೇಳಿ."

ಸರಿಯಾದ ಕಾರಣ ಕುಷ್ಟಣ್ಣ ಹೇಳಲಿಲ್ಲ. ಹೇಳುವಂಥದ್ದೂ ಆಗಿರಲಿಲ್ಲ. ಕಾನ್‌ಸ್ಟೆಬಲ್ಲು ಮಜ್ಜಿಗೆ ಕುಡಿದು ಹೋದ.

ಸಂಜೆ ಕಟ್ಟೆಯೆದುರು ಕೂಟ ಸೇರಿತು. ಕುಷ್ಟಣ್ಣ ಓಡಕೂಡದು ಎಂದು ಪ್ರೇಮಾನಂದ. ರಕ್ಷಣಾ ದೋಣಿಗೆ ನಮ್ಮ ಕೇರಿಯಿಂದ ಒಬ್ಬನೂ ಓಡದಿದ್ದರೆ ಮರ್ಯಾದೆ ಪ್ರಶ್ನೆ ಎಂದು ಇನ್ನು ಕೆಲವರು. ಓಡುವಾಗ "ಎಂತದೂ ಆಯ್ಲಿಲ್ಲೆ, ಎಂತದೂ ಆಯ್ಲಿಲ್ಲೆ" ಎಂದು ಕೂಗುತ್ತಾ ಓಡಲಿ ಎಂದು ಒಬ್ಬರು ಸೂಚಿಸಿದರು. ಹಾಗೆ ಕೂಗಿದರೆ ಬಾಯಲ್ಲಿ ಉಸಿರು ಹೋಗುತ್ತದೆ ಎಂದು ಮಾಸ್ಟ್ರು ಫೋನಿನಲ್ಲೇ ತಳ್ಳಿಹಾಕಿದರು. ಕೊನೆಗೆ ದಾರಿ ಕಂಡವಳು ಪಂಕಜಾಕ್ಷಿ.

"ಕೊಡಿ ಬಿಡಿಸ್ಕಂಡ್ ಓಡ್ಲಿ. ಸಾವಿನ್ ಸುದ್ದಿ ತರುವವ ಯಾರಾರೂ ಕೊಡಿ ಬಿಡಿಸ್ಕಂಡ್ ಬತ್ನಾ?"

ಕೂಟಕ್ಕೆ ಕೂಟವೇ ತಲೆದೂಗಿತು. ಹೌದಲ್ಲ! ದೋಣಿ ಮಗುಚಿದ ದಿನ ಯಾರು ಕೊಡೆ ಹುಡುಕುತ್ತಾರೆ? ಕೊಡೆಯಿದ್ದರೆ ಅಭ್ಯಾಸ, ಕೊಡೆಯಿಲ್ಲದಿದ್ದರೆ ಅನಾಹುತ. ಅಲ್ಲಿಗೆ ತೀರ್ಮಾನವಾಯಿತು.

ಅಂದಿನಿಂದ ಅಳಿವೆಕೇರಿಯವರು ಬೇರೆಲ್ಲೂ ಕಾಣಸಿಗದ ನೋಟ ಕಂಡರು. ಬೆಳಗಿನ ತಂಪಿನಲ್ಲಿ, ಮಳೆಯಿಲ್ಲ ಬಿಸಿಲಿಲ್ಲ, ಒಬ್ಬ ದಪ್ಪ ಗಂಡಸು ದೊಡ್ಡ ಕಪ್ಪು ಕೊಡೆ ಬಿಡಿಸಿಕೊಂಡು ಓಡುವುದು. ಕಡಲಗಾಳಿ ಕೊಡೆಯನ್ನು ಹಿಂದಕ್ಕೆ ಎಳೆಯುತ್ತಿತ್ತು, ಕುಷ್ಟಣ್ಣ ಮುಂದಕ್ಕೆ ಎಳೆಯುತ್ತಿದ್ದ. ಕೆಲವು ದಿನ ಗಾಳಿಯೇ ಗೆದ್ದು ಅವನು ಇದ್ದಲ್ಲೇ ಓಡುತ್ತಿದ್ದ. ಹೆಂಗಸರು ಬಾಗಿಲಿಗೆ ಬಂದು ನೋಡಿ, "ಕೊಡಿ ಇತ್ತಲ್ದಾ? ಹಾಂಗಾರೆ ಎಂತದೂ ಇಲ್ಲೆ," ಎಂದು ಒಳಗೆ ಹೋಗುತ್ತಿದ್ದರು.

ಜಗಲಿಯಲ್ಲಿದ್ದ ಪದ್ದಕ್ಕನೂ ಹಾಗೇ. ಮೊದಲ ದಿನ ಅವಳು ಎದ್ದು ನಿಂತುಬಿಟ್ಟಿದ್ದಳು. ರತ್ನ ಹಿಡಿದು ಕೂರಿಸಿ, ಕೊಡೆ ಇದ್ದರೆ ಹೆದರಬೇಕಾಗಿಲ್ಲ ಅತ್ತೆ ಎಂದು ಹತ್ತು ಸಲ ಹೇಳಿದ ಮೇಲೆ ಅದೊಂದು ಅವಳ ತಲೆಯಲ್ಲಿ ನಿಂತಿತು. ಉಳಿದದ್ದೇನೂ ನಿಲ್ಲುತ್ತಿರಲಿಲ್ಲ. ದಿನಾ ಬೆಳಿಗ್ಗೆ, "ಐತ ಬಂದ್ನಾ?" ಎಂದು ಕೇಳುತ್ತಿದ್ದಳು. "ಇನ್ನೂ ಇಲ್ಲೆ ಅತ್ತೆ," ಎನ್ನುತ್ತಿದ್ದಳು ರತ್ನ. "ಹಾಂಗಾರೆ ಅವನ್ ಗಂಜಿ ತೆಗ್ದಿಡ್," ಎನ್ನುತ್ತಿದ್ದಳು ಪದ್ದಕ್ಕ. ರತ್ನ ಐತನ ಬಟ್ಟಲಿಗೆ ಗಂಜಿ ಬಡಿಸಿ ಮುಚ್ಚಿಡುತ್ತಿದ್ದಳು. ಸಂಜೆ ಅದು ಕಾಗೆಗೆ ಹೋಗುತ್ತಿತ್ತು. ಎರಡು ವರ್ಷದಿಂದ ಆ ಮನೆಯ ಕಾಗೆಗಳು ಹೊಟ್ಟೆ ತುಂಬ ಉಂಡಿದ್ದವು.

ಕುಷ್ಟಣ್ಣನ ಗಡಿಯಾರವೂ ಅದೇ ಗಂಜಿಯ ಮಡಕೆ. ರತ್ನ ಕುಚ್ಚಲಕ್ಕಿ ಒಲೆಗೆ ಇಟ್ಟಾಗ ಹೊರಡುವುದು, ಅಕ್ಕಿ ಅರಳುವ ಮುಂಚೆ ಜೆಟ್ಟಿ ಮುಟ್ಟಿ ವಾಪಸು ಬರುವುದು. ಬಂದವನೇ, "ಅರಳ್ತಾ?" ಎಂದು ಏದುಸಿರಿನಲ್ಲಿ ಕೇಳುತ್ತಿದ್ದ. "ಇನ್ನೂ ಇಲ್ಲೆ," ಎನ್ನುತ್ತಿದ್ದಳು ರತ್ನ. ಅವನಿಗೆ ಖುಷಿಯೋ ಖುಷಿ. ಅವನು ಗೇಟು ದಾಟಿದ ಕೂಡಲೆ ಅವಳು ಒಲೆಯಿಂದ ಸೌದೆ ಹೊರಗೆಳೆದು, ಕೊಡೆಯ ತುದಿ ಕಂಡಾಗ ಮತ್ತೆ ಒಳಗೆ ತಳ್ಳುತ್ತಿದ್ದಳು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಬೇಯದ ಗಂಜಿ ಉಂಡು ಉಂಡು ಮನೆಯವರಿಗೆಲ್ಲ ಹೊಟ್ಟೆನೋವು ಶುರುವಾಗಿತ್ತು.

"ಹ್ವಾಯ್," ಎಂದಳು ರತ್ನ ಒಂದು ದಿನ, "ಈ ವಯಸ್ಸಂಗೆ ಓಡಿ ಯಾರನ್ನ ಹಿಡೂಕಿತ್ತ್ ನಿಮ್ಗೆ?"

ಅವನು ಶೂವಿನ ಹೊಯ್ಗೆ ಕೊಡವುತ್ತಿದ್ದ.

"ಕಟ್ಟಿ ಮೇಲೆ ಕೂಕಂಡದ್ದಕ್ಕೆ ಆದದ್ದಲ್ಲ ಅದ್. ಪ್ರೇಮಾನಂದಣ್ಣನೇ ಹೇಳಿರ್, ನೀವ್ ಹಾರ್ಕಂಡ್ ಹೋಗಿರೂ ಸಿಕ್ತಿರ್ಲಿಲ್ಲೆ ಅಂದೇಳಿ."

"ಅವ್ನಿಗ್ ನಾ ಕೂಕಂಡದ್ದ್ ಗೊತ್ತಿಲ್ಲೆ."

ದಿನ ಹೋದ ಹಾಗೆ ಕುಷ್ಟಣ್ಣನ ಹೊಟ್ಟೆ ಸ್ವಲ್ಪ ಇಳಿಯಿತು, ಉಸಿರು ಸುಧಾರಿಸಿತು. ಆದರೆ ಕಟ್ಟೆ ಬಂದರೆ ಕಾಲು ನಿಲ್ಲುವುದು ಮಾತ್ರ ತಪ್ಪಲಿಲ್ಲ. ಒಂದು ದಿನವೂ ತಪ್ಪಲಿಲ್ಲ. ಕೊಡೆ ಮಡಚಿ ಅಲ್ಲಿ ಕೂರುತ್ತಿದ್ದ. ಬೊಬ್ಬರ್ಯನಿಗೆ ಬೆನ್ನು ಹಾಕಿ ಕೂರುತ್ತಿದ್ದ, ಮುಖ ತೋರಿಸಲು ನಾಚಿಕೆಯಾಗಿ.

ಓಟದ ಭಾನುವಾರ ಬಂತು. ಹಿಂದಿನ ದಿನವೇ ಆಟೋದಲ್ಲಿ ಮೈಕು ಕಟ್ಟಿ ಕೇರಿಗೆಲ್ಲ ಸಾರಿದ್ದರು: ನಾಳೆ ಓಡುವವರನ್ನು ನೋಡಿ ಯಾರೂ ಗಾಬರಿಯಾಗಬೇಡಿ, ಎಂತದೂ ಆಗಿಲ್ಲ, ಚಪ್ಪಾಳೆ ತಟ್ಟಿ. ಎಲ್ಲರಿಗೂ ತಿಳಿಯಿತು. ಪದ್ದಕ್ಕನಿಗೆ ಹೇಳಿದರೂ ನಿಲ್ಲುವುದಿಲ್ಲ ಎಂದು ಯಾರೂ ಹೇಳಲು ಹೋಗಲಿಲ್ಲ.

ಶಾಸ್ತ್ರಿ ಸರ್ಕಲ್ಲಿನಲ್ಲಿ ಕುಷ್ಟಣ್ಣ ಕೊಡೆ ಸಮೇತ ಹಾಜರಾದ. ಎಲ್ಲರದೂ ಹಳದಿ ಟೀಶರ್ಟು. ಅವನದು ಹೊಟ್ಟೆಯ ಮೇಲೆ ತುಸು ಮೇಲೆಯೇ ನಿಂತಿತ್ತು.

"ಕೊಡೆ ಎಂತಕೆ?" ಎಂದರು ಮಾಸ್ಟ್ರು.

"ನಮ್ಮ್ ಕೇರಿಯವ್ರ್..."

"ಕೇರಿಗೆಲ್ಲ ಮೈಕಲ್ ಹೇಳಿ ಆಯ್ತಲ್ಲ. ಇದ್ ಸ್ಪರ್ಧೆ ಕುಷ್ಟ, ಕೊಲ್ಲೂರಿಗೆ ಪಾದಯಾತ್ರೆ ಅಲ್ಲ. ಇತ್ತ ತಾ." ಮಾಸ್ಟ್ರು ಕೊಡೆ ಕಸಿದು ಜೀಪಿನೊಳಗೆ ಎಸೆದರು. ಜೀಪು ಜೆಟ್ಟಿಗೆ ಹೊರಟಿತು.

ಮಾಸ್ಟ್ರು ಜೀಪಿನೊಳಗಿಂದಲೇ ಸೀಟಿ ಊದಿದರು. ಕೊಡೆಯ ಭಾರವೂ ಗಾಳಿಯ ಎಳೆತವೂ ಇಲ್ಲದ ಕುಷ್ಟಣ್ಣನಿಗೆ ಕಾಲುಗಳು ತನ್ನವೇ ಹೌದೋ ಅಲ್ಲವೋ ಎನಿಸಿತು. ಅಷ್ಟು ಹಗುರ. ಬ್ರಹ್ಮಾವರದ ಬ್ಯಾಂಕಿನವರನ್ನು ಹಿಂದೆ ಹಾಕಿದ. ಬೈಂದೂರಿನ ಕಾಲೇಜು ಹುಡುಗಿಯರ ಒಂದು ಗುಂಪನ್ನು ಹಿಂದೆ ಹಾಕಿದ; ಅವರು ಸೆಲ್ಫಿ ತೆಗೆಯಲು ನಿಂತಿದ್ದರು ಎಂಬುದು ಬೇರೆ ಮಾತು. ಕೋಡಿ ದಾಟಿದಾಗಲೂ ಉಸಿರು ಮೂಗಿನಲ್ಲೇ ಇತ್ತು. ಕೇರಿಯೊಳಗೆ ಕಾಲಿಟ್ಟಾಗ ರಸ್ತೆಯ ಎರಡೂ ಬದಿ ಅವನ ಜನ ನಿಂತು ಚಪ್ಪಾಳೆ ತಟ್ಟುತ್ತಿದ್ದರು. "ಕುಷ್ಟಣ್ಣಾ, ಬಿಡ್ಬೇಡ! ಓಡ್!" ಎಂದು ಪಂಕಜಾಕ್ಷಿ ಕೂಗಿದ್ದು ಮೈಕನ್ನೂ ಮೀರಿಸಿತು. ಇವತ್ತು ಕಟ್ಟೆ ದಾಟುತ್ತೇನೆ ಎಂದು ಅವನಿಗೆ ಎರಡು ವರ್ಷದಲ್ಲಿ ಮೊದಲ ಸಲ ಧೈರ್ಯ ಬಂತು.

ಅತ್ತ ರತ್ನ ಒಲೆ ನೋಡಲು ಒಳಗೆ ಹೋಗಿದ್ದಳು. ಜಗಲಿಯಲ್ಲಿ ಪದ್ದಕ್ಕ ಒಬ್ಬಳೇ. ಮೊದಲು ನಾಲ್ಕು ಜನ ಓಡಿದರು. ಆಮೇಲೆ ಹತ್ತು. ಆಮೇಲೆ ರಸ್ತೆ ತುಂಬ ಜನ, ಎಲ್ಲರೂ ಜೆಟ್ಟಿಯ ಕಡೆಗೆ. ಅವರ ನಡುವೆ ಅವಳ ಮಗ ಕುಷ್ಟ. ಕೊಡೆಯಿಲ್ಲ.

ಪದ್ದಕ್ಕ ಎದ್ದಳು.

ಕುಷ್ಟಣ್ಣ ಮನೆ ದಾಟಿ ಹತ್ತು ಹೆಜ್ಜೆ ಹೋಗಿದ್ದನೋ ಇಲ್ಲವೋ, ಹಿಂದಿನಿಂದ "ಮಗಾ!" ಎಂದು ಕೇಳಿಸಿತು. ಹಿಂದೆ ತಿರುಗಬಾರದು ಎಂದಿದ್ದರು ಮಾಸ್ಟ್ರು. ಕುಷ್ಟಣ್ಣ ತಿರುಗಿದ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಗಾಲಿನಲ್ಲಿ, ಓಡುವವರ ನಡುವೆ ಅವಳು ಬರುತ್ತಿದ್ದಳು. ಅದು ಓಟವಲ್ಲ, ನಡಿಗೆಯೂ ಅಲ್ಲ. ಮುಂದಕ್ಕೆ ಬೀಳುವುದು, ಬೀಳುವ ಮುಂಚೆ ಕಾಲು ಇಡುವುದು, ಹಾಗೆ.

ಅವನು ಹಿಂದೆ ಓಡಿ ಅವಳ ತೋಳು ಹಿಡಿದ. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಅಂಥ ಬೆಳಕು ಆ ಮುಖದಲ್ಲಿ ಅವನು ಎಷ್ಟೋ ಕಾಲದಿಂದ ಕಂಡಿರಲಿಲ್ಲ.

"ಎಷ್ಟ್ ಜನ ಓಡ್ತಿದ್ರ್ ಕಾಣ್ ಮಗಾ! ಅಂದ್ ನೀ ಒಬ್ನೇ ಓಡದ್ದ್. ಇವತ್ತ್ ಊರಿಗೂರೇ ಬಂದಿತ್ತ್. ಇವತ್ತ್ ಐತ ಸಿಕ್ಕುತ್ತ. ನಡಿ, ನಡಿ!"

ಇದು ಓಟ ಅಬ್ಬಿ, ಎಂತದೂ ಆಯ್ಲಿಲ್ಲೆ ಎನ್ನಲು ಹೊರಟ ಕುಷ್ಟಣ್ಣ. ಆಗಲಿಲ್ಲ. ಅವನು ಹಿಂದೆ ಹಾಕಿದ್ದವರೆಲ್ಲ ಅವನನ್ನು ದಾಟಿ ಹೋದರು. ಬ್ಯಾಂಕಿನವರು ಹೋದರು, ಸೆಲ್ಫಿ ಹುಡುಗಿಯರು ಹೋದರು. ಜೆಟ್ಟಿಯ ಮೈಕಿನಲ್ಲಿ ಮಾಸ್ಟ್ರು, "ಕುಷ್ಟಾ! ನಿಲ್ಲಬೇಡ! ನಿನ್ನ ದಾಖಲೆ! ದಾಖಲೆ!" ಎಂದು ಅರಚುತ್ತಿದ್ದರು.

ತಾಯಿಯ ತೋಳು ಹಿಡಿದು ಅವನು ನಡೆದ. ಬೊಬ್ಬರ್ಯನ ಕಟ್ಟೆ ಬಂತು. ಪದ್ದಕ್ಕನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಅವನ ಕೈಗೇ ತಿಳಿಯುತ್ತಿತ್ತು.

"ಅಬ್ಬಿ, ಒಂಚೂರ್ ಕೂಕೊ."

"ಕೂಕಂಬುದಲ್ಲ ಮಗಾ," ಎಂದಳು ಪದ್ದಕ್ಕ. ಕಟ್ಟೆಯ ಆ ಕಲ್ಲನ್ನೇ ನೋಡುತ್ತಿದ್ದಳು. "ಅಂದ್ ನೀ ಕೂಕಂಡದ್ದ್ ಇಲ್ಲೇ ಅಲ್ದಾ?"

ಅವನು ತಿರುಗಿ ಅವಳ ಮುಖ ನೋಡಿದ.

"ನಾ ಜಗ್ಲಿಯಿಂದ ಕಂಡಿದೆ. ಏಳ್ ಮಗಾ, ಏಳ್ ಅಂದೇಳಿ ಕೂಗ್ದೆ. ಮಳಿ ಅಲ್ದಾ, ನಿಂಗೆ ಕೇಣ್ಲಿಲ್ಲೆ. ನಾನಾರೂ ಓಡ್ಕಿತ್ತ್. ಕಾಲೇ ಬರ್ಲಿಲ್ಲೆ ನಂಗೆ." ಅವಳು ಅವನ ಹತ್ತಿರಕ್ಕೆ ಬಾಗಿ ದನಿ ತಗ್ಗಿಸಿದಳು. "ಯಾರಿಗೂ ಹೇಳ್ಬೇಡ."

ಕುಷ್ಟಣ್ಣ ನಡುರಸ್ತೆಯಲ್ಲಿ ನಿಂತು ಅತ್ತ. ಹಳದಿ ಟೀಶರ್ಟಿನ ತುದಿಯೆತ್ತಿ ಮುಖ ಒರೆಸಿಕೊಳ್ಳಲು ನೋಡಿದ, ಗಿಡ್ಡವಾಗಿದ್ದರಿಂದ ಮುಖದವರೆಗೆ ಬರಲಿಲ್ಲ. ಪದ್ದಕ್ಕ ತನ್ನ ಸೆರಗು ಬಿಚ್ಚಿ ಕೊಟ್ಟಳು.

"ಈಗ ಹೋಪ," ಎಂದಳು.

ದಾರಿಯ ಬದಿಯಲ್ಲಿ ಚಪ್ಪಾಳೆ ನಿಂತುಹೋಗಿತ್ತು. ಮಗ ಅಳುವುದು, ತಾಯಿ ಓಡುವುದು, ಕೊಡೆಯಿಲ್ಲ. ಎಷ್ಟು ಮೈಕಿನಲ್ಲಿ ಹೇಳಿದರೂ ಕೇರಿಯ ಎದೆ ಕೇರಿಯದೇ. ಹೆಂಗಸರು ಮುಖ ಮುಖ ನೋಡಿಕೊಂಡರು. ಪಂಕಜಾಕ್ಷಿ ಜೆಟ್ಟಿಗೆ ಹೋಗಿ ಮಾಸ್ಟ್ರ ಜೀಪಿನಿಂದ ಕೊಡೆ ಎಳೆದುಕೊಂಡು ಏದುಸಿರು ಬಿಡುತ್ತಾ ಬಂದು, ತಾಯಿ ಮಗನ ತಲೆಯ ಮೇಲೆ ಬಿಡಿಸಿ ಹಿಡಿದಳು. ಎಲ್ಲರಿಗೂ ಕಾಣಲಿ, ಎಂತದೂ ಆಗಿಲ್ಲ ಎಂದು.

ಪದ್ದಕ್ಕ ತಲೆಯೆತ್ತಿ ಕೊಡೆ ನೋಡಿದಳು.

"ಇದ್ ಎಂತದೂ ಆಯ್ಲಿಲ್ಲೆ ಅಂಬುಕಿಪ್ಪ ಕೊಡಿ ಅಲ್ದಾ ಪಂಕಜಾಕ್ಷಿ? ಆಯ್ತಲ್ಲ ಮಾರಾಯ್ತಿ. ಮಡ್ಚ್."

ಪಂಕಜಾಕ್ಷಿ ಕೊಡೆ ಮಡಚಿದಳು. ಅವಳೂ ಅವರ ಹಿಂದೆ ನಡೆದಳು. ಒಲೆ ಬಿಟ್ಟು ಓಡಿ ಬಂದಿದ್ದ ರತ್ನ ಅತ್ತೆಯ ಇನ್ನೊಂದು ತೋಳು ಹಿಡಿದಳು. ಬದಿಯಲ್ಲಿ ನಿಂತವರು ಒಬ್ಬೊಬ್ಬರಾಗಿ ರಸ್ತೆಗಿಳಿದರು. ಕೇರಿಯ ರೂಢಿ ಅದು, ಕೇಳುವುದಕ್ಕಿಲ್ಲ.

ಜೆಟ್ಟಿಯಲ್ಲಿ ಬಹುಮಾನ ವಿತರಣೆ ಶುರುವಾಗಿತ್ತು. ಗಡಿಯಾರ ಆಗಲೇ ನಿಲ್ಲಿಸಿದ್ದರು. ಗೆರೆ ಹಾಕಿದ್ದ ಸುಣ್ಣ ಕಾಲಡಿಗೆ ಸಿಕ್ಕಿ ಅಳಿಸಿತ್ತು. ಅತಿಥಿಗಳು ಭಾಷಣದ ನಡುವೆ ಇದ್ದರು. ಪದ್ದಕ್ಕ ಗೆರೆ ದಾಟಿ ಸೀದಾ ದೋಣಿಗಳ ಹತ್ತಿರ ಹೋಗಿ ನಿಂತಳು. ಅವತ್ತು ಕಡಲಿಗೆ ರಜೆ. ಪ್ರೇಮಾನಂದ ಮತ್ತವನ ಜನ ದೋಣಿಯಲ್ಲೇ ಕೂತು ತಮಾಷೆ ನೋಡುತ್ತಿದ್ದರು.

"ಎಂತ ಕಾಣ್ತಾ ಕೂಕಂಡದ್ದ್?" ಎಂದಳು ಪದ್ದಕ್ಕ. "ದೋಣಿ ಬಿಡಿ! ಐತ ಅಲ್ಲಿದ್ದ!"

ಪ್ರೇಮಾನಂದ ಕುಷ್ಟಣ್ಣನ ಕಡೆ ನೋಡಿದ. ಕುಷ್ಟಣ್ಣ ನೆಲ ನೋಡುತ್ತಿದ್ದ. ಪ್ರೇಮಾನಂದ ಹಗ್ಗ ಬಿಚ್ಚಿದ. ಇಂಜಿನು ಗುಡುಗಿತು. ಅತಿಥಿಗಳ ಭಾಷಣ ಕೇಳಿಸದೆ ಹೋಯಿತು, ಮಾಸ್ಟ್ರು ಮೈಕು ಆರಿಸಿ ಟೊಪ್ಪಿ ತೆಗೆದು ನಿಂತರು.

ದೋಣಿ ಅಳಿವೆಯ ಬಾಯಿಗೆ ಹೋಯಿತು. ಹಗೂರ ಸುತ್ತು ಹಾಕಿತು. ಎರಡೂ ಬದಿಯಲ್ಲಿ ಹುಡುಗರು ಬಾಗಿ ನೀರು ನೋಡುತ್ತಿದ್ದರು. ಅಜ್ಜಿಗೆ ಕಾಣಲಿ ಎಂದು ಮಾಡಿದ್ದಲ್ಲ, ಅವರು ನಿಜವಾಗಿ ಹುಡುಕಿದರು. ಒಬ್ಬ ನೀರಿಗಿಳಿದು ಕಲ್ಲಿನ ಬುಡವನ್ನೂ ನೋಡಿ ಬಂದ. ಹಳದಿ ಟೀಶರ್ಟಿನ ಪರವೂರ ಜನ ಏನೆಂದು ತಿಳಿಯದೆಯೂ ಸದ್ದಿಲ್ಲದೆ ನಿಂತರು. ಎಲ್ಲಿಯವರೋ ಏನೋ, ಆ ದಿನ ಐತನಿಗಾಗಿ ಇಡೀ ತಾಲೂಕೇ ಕಡಲು ನೋಡುತ್ತಿತ್ತು.

ದೋಣಿ ವಾಪಸು ಬಂತು. ಪ್ರೇಮಾನಂದ ಮೇಲೆ ಹತ್ತಿ ಬಂದು ಪದ್ದಕ್ಕನೆದುರು ನಿಂತ.

"ಪದ್ದಕ್ಕ, ಸಿಕ್ಲಿಲ್ಲೆ."

ಪದ್ದಕ್ಕ ಸುಮಾರು ಹೊತ್ತು ನೀರು ನೋಡಿದಳು.

"ಹುಡ್ಕಿದ್ರಿ ಅಲ್ದಾ ಎಲ್ಲರೂ," ಎಂದಳು. "ಸಾಕ್ ಮಗಾ."

ಕೃಷ್ಣಯ್ಯ ಮಾಸ್ಟ್ರು ಏನು ಮಾಡಬೇಕೆಂದು ತಿಳಿಯದೆ, ಮೇಜಿನ ಮೇಲಿದ್ದ ಒಂದು ಪದಕ ತಂದು ಅವಳ ಕೊರಳಿಗೆ ಹಾಕಲು ಬಂದರು. ಕೊನೆಯವರಾಗಿ ಬಂದವರಿಗೆ ಪದಕವಿಲ್ಲ ಎಂದು ನಿಯಮ ಮಾಡಿದವರು ಅವರೇ.

"ಎಂತ ಇದ್?"

"ಓಡದ್ದಕ್ಕೆ, ಪದ್ದಕ್ಕ."

"ನಂಗ್ ಬ್ಯಾಡ. ಇವ್ನಿಗ್ ಹಾಕಿ. ಇವ ಇವತ್ತ್ ಕೂಕಣ್ಲಿಲ್ಲೆ."

ಮಾಸ್ಟ್ರಿಗೆ ಅರ್ಥವಾಗಲಿಲ್ಲ. ಆದರೂ ಹಾಕಿದರು. ಕುಷ್ಟಣ್ಣ ತಲೆ ತಗ್ಗಿಸಿ ಹಾಕಿಸಿಕೊಂಡ. ಓಟದಲ್ಲಿ ಎಲ್ಲರಿಗಿಂತ ಹಿಂದೆ ಬಂದವನು ಅವನೇ, ಸಂಶಯವಿಲ್ಲ.

ಮನೆಗೆ ಬಂದಾಗ ಒಲೆಯ ಸೌದೆ ಎಳೆಯುವವರಿಲ್ಲದೆ ಗಂಜಿ ಬೆಂದು ಮುದ್ದೆಯಾಗಿ ತಳ ಹಿಡಿದಿತ್ತು. ಮೂವರೂ ಊಟಕ್ಕೆ ಕೂತರು. ರತ್ನ ಎಂದಿನಂತೆ ಐತನ ಬಟ್ಟಲಿಗೂ ಬಡಿಸಿ, ಮುಚ್ಚಲು ತಟ್ಟೆ ಎತ್ತಿದಳು. ಪದ್ದಕ್ಕ ಕೈ ಅಡ್ಡ ಇಟ್ಟಳು. ಬಟ್ಟಲನ್ನು ನಿಧಾನವಾಗಿ ನೆಲದ ಮೇಲೆ ತಳ್ಳಿ, ಕುಷ್ಟಣ್ಣನ ಬಟ್ಟಲಿನ ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಇದನ್ನೂ ನೀನೇ ಉಣ್ ಮಗಾ," ಎಂದಳು. "ತಣ್ಗಾತ್ತ್."

ಕುಷ್ಟಣ್ಣ ಉಂಡ. ಎರಡೂ ಬಟ್ಟಲು ಖಾಲಿ ಮಾಡಿದ. ಹೊರಗೆ ಕಾಗೆಗಳು ಸಂಜೆಯವರೆಗೂ ಕೂಗುತ್ತಲೇ ಇದ್ದವು.